ಡಾಕ್ಟರ್ ಹೂ ಮತ್ತು ಅದರ ಕವಲು ಸರಣಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯನ್ನು ಹೊಸದಾಗಿ ನೋಡಲು ಹೊರಟವರು, ಅರ್ಧ ನೋಡಿ ಗೊಂದಲಕ್ಕೆ ಬಿದ್ದವರು, ವರ್ಷಗಟ್ಟಲೆ ನೋಡಿಯೂ ವಾದ ಬಿಡದವರು, ಹೀಗೆ ಮೂರೂ ಬಗೆಯವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಭಾಗದ ಉತ್ತರಗಳಲ್ಲಿ ಕಥೆಯ ಗುಟ್ಟು ಒಡೆಯದಂತೆ ಎಚ್ಚರ ವಹಿಸಿದ್ದೇನೆ. ‘ಹಳಬರ ವಾದಗಳು’ ಎಂಬ ಭಾಗಕ್ಕೆ ಆ ಭರವಸೆ ಅನ್ವಯಿಸುವುದಿಲ್ಲ.

## ಹೊಸಬರ ಪ್ರಶ್ನೆಗಳು

ಇದು ಏನು ಕಥೆ? ಎರಡು ಮಾತಲ್ಲಿ ಹೇಳಿ ನೋಡೋಣ.

ಗ್ಯಾಲಿಫ್ರೇ ಎಂಬ ಗ್ರಹದಿಂದ ಓಡಿಬಂದ, ತನ್ನ ಹೆಸರನ್ನು ಯಾರಿಗೂ ಹೇಳದೆ ‘ಡಾಕ್ಟರ್’ ಎಂದಷ್ಟೇ ಕರೆಸಿಕೊಳ್ಳುವ ಅಲೆಮಾರಿಯೊಬ್ಬ, ಕಾಲದಲ್ಲೂ ಆಕಾಶದಲ್ಲೂ ಚಲಿಸುವ ಯಂತ್ರದಲ್ಲಿ ಒಬ್ಬಿಬ್ಬರು ಸಂಗಾತಿಗಳನ್ನು ಕೂರಿಸಿಕೊಂಡು ತಿರುಗುತ್ತಾನೆ. ಹೋದ ಕಡೆಯಲ್ಲೆಲ್ಲ ಅನ್ಯಾಯ ಕಂಡರೆ ಸುಮ್ಮನಿರಲಾರದೆ ಮಧ್ಯೆ ಪ್ರವೇಶಿಸುತ್ತಾನೆ. ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅದರ ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಆ ಸುದ್ದಿಯ ಗದ್ದಲದಲ್ಲಿ ಕಂತನ್ನು ನೋಡದೆ ಹೋದವರಿಗಾಗಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನೇ ಮತ್ತೊಮ್ಮೆ ತೋರಿಸಿದರು. 1989ರ ಡಿಸೆಂಬರ್‌ವರೆಗೆ 26 ಸೀಸನ್‌ಗಳು ನಡೆದು ಸರಣಿ ನಿಂತಿತು. 1996ರಲ್ಲಿ ಒಂದೇ ಒಂದು ಟೆಲಿಚಿತ್ರ ಬಂತು. 2005ರ ಮಾರ್ಚ್ 26ರಂದು ಸರಣಿ ಮತ್ತೆ ಜೀವ ಪಡೆಯಿತು.

ಆ ನೀಲಿ ಪೆಟ್ಟಿಗೆ ಯಾಕೆ? ಹೊರಗೆ ಅಷ್ಟು ಚಿಕ್ಕದು, ಒಳಗೆ ಅಷ್ಟು ದೊಡ್ಡದು ಹೇಗೆ?

ಅದು ಪೊಲೀಸ್ ಬಾಕ್ಸ್. ಬೀದಿಯಲ್ಲಿರುವ ಜನರು ಪೊಲೀಸರನ್ನು ದೂರವಾಣಿಯಲ್ಲಿ ಕರೆಯಲೆಂದು ಬ್ರಿಟನ್ನಿನ ಊರುಗಳಲ್ಲಿ ನಿಲ್ಲಿಸಿದ್ದ ಇಂಥ ಗೂಡುಗಳು 1963ರಲ್ಲಿ ಎಲ್ಲರಿಗೂ ಪರಿಚಿತವಾಗಿದ್ದವು. ಡಾಕ್ಟರನ ಯಂತ್ರಕ್ಕೆ ‘ಟಾರ್ಡಿಸ್’ ಎಂದು ಹೆಸರು. ಇಳಿದ ಜಾಗಕ್ಕೆ ತಕ್ಕ ವೇಷ ತಾಳಬೇಕಾದ ಅದರ ಸಾಧನವು ಮೊದಲ ಕಥೆಯಲ್ಲೇ ಕೆಟ್ಟುಹೋದ ಕಾರಣ, ರೋಮ್‌ಗೆ ಹೋದರೂ ಮಂಗಳಕ್ಕೆ ಹೋದರೂ ಅದು ನೀಲಿ ಗೂಡಾಗಿಯೇ ಉಳಿದಿದೆ. ಪ್ರತಿ ಕಥೆಗೂ ಹೊಸ ವಾಹನ ಕಟ್ಟುವಷ್ಟು ಹಣವಿಲ್ಲದ ತಯಾರಕರಿಗೂ ಈ ಕೆಟ್ಟ ಸಾಧನದಿಂದ ಅನುಕೂಲವಾಯಿತು. ಒಳಭಾಗವು ಬೇರೆಯೇ ಆಯಾಮದಲ್ಲಿದೆ, ಬಾಗಿಲು ಮಾತ್ರ ನಮ್ಮ ಲೋಕದಲ್ಲಿದೆ ಎನ್ನುವುದು ಕಥೆಯೊಳಗಿನ ವಿವರಣೆ. ಟಾರ್ಡಿಸ್ ಹೊರಡುವಾಗ ಕೇಳುವ ಏದುಸಿರಿನಂಥ ಸದ್ದನ್ನು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್‌ನ ಬ್ರಯನ್ ಹಾಡ್ಜ್‌ಸನ್ ಹಳೆಯ ಪಿಯಾನೋದ ತಂತಿಯ ಮೇಲೆ ಬೀಗದ ಕೀಲಿಯನ್ನು ಉಜ್ಜಿ ತೆಗೆದರು. ರಾನ್ ಗ್ರೇನರ್ ಬರೆದ ಶೀರ್ಷಿಕೆ ಸಂಗೀತವನ್ನು ಅದೇ ವಿಭಾಗದ ಡೀಲಿಯಾ ಡರ್ಬಿಶೈರ್, ಸಿಂಥಸೈಜರ್ ಇನ್ನೂ ಬಳಕೆಗೆ ಬಾರದ ಆ ಕಾಲದಲ್ಲಿ, ಟೇಪಿನ ತುಣುಕುಗಳನ್ನು ಕತ್ತರಿಸಿ ಜೋಡಿಸಿ ರೂಪಿಸಿದರು. ಇಂದಿಗೂ ಆ ಮೊದಲ ರೂಪವನ್ನು ಮೀರಿಸಿದ್ದು ಬಂದಿಲ್ಲವೆಂದೇ ನಾನು ನಂಬಿದ್ದೇನೆ.

ಅರವತ್ತು ವರ್ಷದ್ದನ್ನೆಲ್ಲ ಮೊದಲಿನಿಂದ ನೋಡಬೇಕಾ? ಎಲ್ಲಿಂದ ಶುರು ಮಾಡಲಿ?

ಮೊದಲಿನಿಂದ ನೋಡುವ ಅಗತ್ಯವಿಲ್ಲ. 2005ರ ‘ರೋಸ್’ ಕಂತು ಏನೂ ಗೊತ್ತಿಲ್ಲದ ನೋಡುಗರನ್ನು ಎದುರಿಗಿಟ್ಟುಕೊಂಡೇ ಬರೆದದ್ದು. ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯ ಕಣ್ಣಿನಿಂದ ಡಾಕ್ಟರನ ಲೋಕ ಅಲ್ಲಿ ನಿಧಾನವಾಗಿ ತೆರೆದುಕೊಳ್ಳುತ್ತದೆ. ಆ ಕಾಲದ ಗ್ರಾಫಿಕ್ಸ್ ಒಗ್ಗದಿದ್ದರೆ ಮ್ಯಾಟ್ ಸ್ಮಿತ್ ಡಾಕ್ಟರ್ ಆಗಿ ಬಂದ 2010ರ ‘ದಿ ಇಲೆವೆಂತ್ ಅವರ್’ ಇನ್ನೊಂದು ಒಳ್ಳೆಯ ಬಾಗಿಲು. ಒಂದೇ ಕಂತು ನೋಡಿ ತೀರ್ಮಾನಿಸುತ್ತೇನೆ ಎನ್ನುವವರಿಗೆ ನಾನು 2007ರ ‘ಬ್ಲಿಂಕ್’ ಹೇಳುತ್ತೇನೆ. ಡಾಕ್ಟರ್ ಅದರಲ್ಲಿ ಕಾಣುವುದೇ ಅಪರೂಪ, ಆದರೂ ಸರಣಿಯ ಸ್ವಭಾವ ಪೂರ್ತಿಯಾಗಿ ಅದರಲ್ಲಿದೆ.

ಹಳೆಯ ಸರಣಿಯನ್ನು ಸವಿಯಬೇಕೆಂದಿದ್ದರೆ ಒಂದು ಸಂಗತಿ ನೆನಪಿರಲಿ. ಆಗಿನ ಕಥೆಗಳು ಸಾಮಾನ್ಯವಾಗಿ 25 ನಿಮಿಷದ ನಾಲ್ಕು ಅಥವಾ ಆರು ಕಂತುಗಳಲ್ಲಿ, ವಾರಕ್ಕೊಂದರಂತೆ ಬರುತ್ತಿದ್ದವು. ಎಲ್ಲವನ್ನೂ ಒಂದೇ ರಾತ್ರಿ ನೋಡಿದರೆ ಎಳೆದಂತೆ ಅನ್ನಿಸುವುದು ಸಹಜ. ದಿನಕ್ಕೊಂದು ಕಂತು ನೋಡಿದರೆ ಅದರ ಲಯ ಸಿಗುತ್ತದೆ. ಬಣ್ಣಕ್ಕೆ ಬಂದ ಮೊದಲ ಕಥೆಯಾದ 1970ರ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’, ಡಾಕ್ಟರನ ಹಳೆಯ ಶತ್ರುಗಳಾದ ಡೇಲೆಕ್‌ಗಳ ಹುಟ್ಟನ್ನು ಹೇಳುವ 1975ರ ‘ಜೆನೆಸಿಸ್ ಆಫ್ ದಿ ಡೇಲೆಕ್ಸ್’, ಪ್ಯಾರಿಸ್ಸಿನಲ್ಲಿ ಚಿತ್ರೀಕರಿಸಿದ 1979ರ ‘ಸಿಟಿ ಆಫ್ ಡೆತ್’, ಇವು ಮೂರೂ ಇಂದಿನ ನೋಡುಗರನ್ನೂ ಹಿಡಿದು ಕೂರಿಸುತ್ತವೆ.

ಡಾಕ್ಟರ್ ಒಬ್ಬನೇ ಅಂತೀರಿ, ನಟರು ಮಾತ್ರ ಬದಲಾಗ್ತಾನೇ ಇದಾರಲ್ಲ?

ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ 1966ರ ಹೊತ್ತಿಗೆ ಕುಸಿದಿತ್ತು. ಸರಣಿಯನ್ನು ನಿಲ್ಲಿಸುವ ಬದಲು, ಅವರನ್ನೇ ಹೋಲುವ ಇನ್ನೊಬ್ಬರನ್ನು ಹುಡುಕುವ ಬದಲು, ತಯಾರಕರು ಮುಖ, ವಯಸ್ಸು, ನಡವಳಿಕೆ ಎಲ್ಲವೂ ಬೇರೆಯಾದ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದು, ಈತನೇ ಆತ ಎಂದರು. ಸಾಯುವ ಸ್ಥಿತಿ ಬಂದಾಗ ಡಾಕ್ಟರನ ಜಾತಿಯವರಾದ ಟೈಮ್ ಲಾರ್ಡ್‌ಗಳ ದೇಹದ ಕಣಕಣವೂ ಹೊಸದಾಗುತ್ತದೆ ಎಂಬ ಕಲ್ಪನೆ ಬೆಳೆದದ್ದು ಹೀಗೆ. ಅದಕ್ಕೆ ‘ರೀಜನರೇಷನ್’ ಎಂಬ ಹೆಸರು ಬಂದದ್ದು ತೀರ ತಡವಾಗಿ, 1974ರಲ್ಲಿ. ಒಂದೇ ಕೌರವನ ಪಾತ್ರವನ್ನು ಬೇರೆ ಬೇರೆ ಮೇಳದ ವೇಷಧಾರಿಗಳು ಕಟ್ಟುವಾಗ ಪಾತ್ರದ ಜೀವ ಅದೇ ಇದ್ದು, ನಡೆ, ಮಾತು, ಗತ್ತು ಬದಲಾಗುವುದನ್ನು ಕಂಡು ಬೆಳೆದ ಯಕ್ಷಗಾನದ ಪ್ರೇಕ್ಷಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಮೊದಲು ಕಂಡ ಡಾಕ್ಟರ್ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಾನೆ, ಮುಂದಿನವನು ಮೂರು ನಾಲ್ಕು ಕಂತುಗಳವರೆಗೆ ಪರಕೀಯ ಎನಿಸುತ್ತಾನೆ. ಆ ಮುನಿಸು ಎಲ್ಲ ನೋಡುಗರಿಗೂ ಬಂದು ಹೋಗುವಂಥದ್ದು.

ಡಾಕ್ಟರ್ ಹೂ ಅಂತ ಪಾತ್ರವನ್ನ ಕರೆದರೆ ಕೆಲವರು ತಿದ್ದುತ್ತಾರೆ. ತಪ್ಪಾ?

ಕಥೆಯೊಳಗೆ ಅವನ ಹೆಸರು ‘ಡಾಕ್ಟರ್’ ಅಷ್ಟೇ. ‘ಹೂ’ ಎನ್ನುವುದು ಯಾರು ಎಂಬ ಪ್ರಶ್ನೆ. ಆದರೆ ತಿದ್ದುವವರು ಗಮನಿಸಬೇಕಾದದ್ದೂ ಇದೆ. 1981ರವರೆಗೆ ಕಂತಿನ ಕೊನೆಯ ಪಾತ್ರಪಟ್ಟಿಯಲ್ಲಿ ‘ಡಾಕ್ಟರ್ ಹೂ’ ಎಂದೇ ಅಚ್ಚಾಗುತ್ತಿತ್ತು, 2005ರಲ್ಲಿ ಕ್ರಿಸ್ಟಫರ್ ಎಕಲ್‌ಸ್ಟನ್ ಅವರ ಹೆಸರಿನ ಜೊತೆಗೂ ಹಾಗೆಯೇ ಇತ್ತು. 1966ರ ‘ದಿ ವಾರ್ ಮಷೀನ್ಸ್’ ಕಥೆಯಲ್ಲಿ ಕಂಪ್ಯೂಟರೊಂದು ಅವನನ್ನು ಆ ಹೆಸರಿನಿಂದಲೇ ಕರೆಯುತ್ತದೆ. ಹೊಸಬರನ್ನು ಈ ಕಾರಣಕ್ಕೆ ನಾಚಿಸುವುದು ಸರಿಯಲ್ಲ.

ಸೀಸನ್ 1 ಅಂತ ಹುಡುಕಿದರೆ ಮೂರು ಬೇರೆ ಬೇರೆ ಬರುತ್ತವೆ. ಯಾವುದು ಸರಿ?

ಮೂರೂ ಸರಿ. 1963ರದ್ದು ಮೊದಲ ಸೀಸನ್. 2005ರಲ್ಲಿ ಎಣಿಕೆ ಮತ್ತೆ ಒಂದರಿಂದ ಆರಂಭವಾಗಿ 2021ರವರೆಗೆ ಹದಿಮೂರಕ್ಕೆ ಬಂತು. ಡಿಸ್ನಿ ಸಂಸ್ಥೆ ಪಾಲುದಾರನಾದ ಮೇಲೆ, 2024ರಲ್ಲಿ, ಮತ್ತೊಮ್ಮೆ ಒಂದರಿಂದ ಎಣಿಸಿದರು. ಯಾವುದರ ಬಗ್ಗೆಯಾದರೂ ಮಾತಾಡುವಾಗ ವರ್ಷವನ್ನು ಹೇಳಿದರೆ ಗೊಂದಲವಿರುವುದಿಲ್ಲ.

ಇದರಲ್ಲಿ ವಿಜ್ಞಾನ ಎಷ್ಟಿದೆ? ಬರೀ ಮಾಯಾಜಾಲ ಅಲ್ಲವಾ?

ಸರಣಿ ಹುಟ್ಟಿದ್ದು ಮಕ್ಕಳಿಗೆ ಕಲಿಸುವ ಉದ್ದೇಶವನ್ನೂ ಇಟ್ಟುಕೊಂಡು. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾದ ಸಿಡ್ನಿ ನ್ಯೂಮನ್ ಅವರ ಯೋಜನೆಯಂತೆ ಮೊದಲ ಸಂಗಾತಿಗಳಲ್ಲಿ ಇಬ್ಬರು ಶಾಲಾ ಶಿಕ್ಷಕರು: ಇಯಾನ್ ವಿಜ್ಞಾನದವನು, ಬಾರ್ಬರಾ ಇತಿಹಾಸದವಳು. ಭವಿಷ್ಯದ ಕಥೆಗಳಲ್ಲಿ ವಿಜ್ಞಾನ, ಹಿಂದಿನ ಕಾಲದ ಕಥೆಗಳಲ್ಲಿ ಚರಿತ್ರೆ ಎಂಬ ಹಂಚಿಕೆ ಅದು. ವಿಕಾರ ಕಣ್ಣಿನ ರಾಕ್ಷಸರು ಬೇಡವೆಂದು ನ್ಯೂಮನ್ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ 27 ವಯಸ್ಸಿನ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಟೆರಿ ನೇಷನ್ ಬರೆದ ಎರಡನೆಯ ಕಥೆಯ ಬೆಂಬಲಕ್ಕೆ ನಿಂತರು. ಅದರಿಂದ ಬಂದ ಡೇಲೆಕ್‌ಗಳು ಆ ಚಳಿಗಾಲದಲ್ಲೇ ಬ್ರಿಟನ್ನಿನ ಮಕ್ಕಳನ್ನೆಲ್ಲ ಆವರಿಸಿಕೊಂಡವು. ಸರಣಿ ಉಳಿದದ್ದು ಆ ಅವಿಧೇಯತೆಯಿಂದ.

ನಿಜವಾದ ವಿಜ್ಞಾನಿಯೊಬ್ಬರ ಆತಂಕದಿಂದ ಹುಟ್ಟಿದ ಶತ್ರುಗಳೂ ಇವರಲ್ಲಿದ್ದಾರೆ. ವೈದ್ಯಕೀಯ ಸಂಶೋಧಕರಾಗಿದ್ದ ಕಿಟ್ ಪೆಡ್ಲರ್, ಮನುಷ್ಯನ ಅಂಗಗಳನ್ನು ಒಂದೊಂದಾಗಿ ಕೃತಕ ಅಂಗಗಳಿಂದ ಬದಲಿಸುತ್ತ ಹೋದರೆ ಕೊನೆಗೆ ಮನುಷ್ಯನೆಂದು ಕರೆಯಲು ಏನು ಉಳಿಯುತ್ತದೆ ಎಂದು ಕೇಳಿಕೊಂಡು, ಗೆರ್ರಿ ಡೇವಿಸ್ ಜೊತೆ ಸೇರಿ 1966ರಲ್ಲಿ ಸೈಬರ್‌ಮೆನ್‌ಗಳನ್ನು ಸೃಷ್ಟಿಸಿದರು. ಬಟ್ಟೆ ಸುತ್ತಿದ ಮುಖದ, ಹಾಡಿನಂತೆ ಏರಿಳಿಯುವ ದನಿಯ ಆ ಮೊದಲ ಸೈಬರ್‌ಮೆನ್ ಈಗಿನ ಹೊಳೆಯುವ ಉಕ್ಕಿನವರಿಗಿಂತ ಹೆಚ್ಚು ಕಂಗೆಡಿಸುತ್ತಾರೆ, ಏಕೆಂದರೆ ಅವರಲ್ಲಿ ಇನ್ನೂ ಮನುಷ್ಯನ ಕೈಗಳು ಕಾಣುತ್ತವೆ.

## ಕವಲು ಸರಣಿಗಳು

ಟಾರ್ಚ್‌ವುಡ್ ನೋಡದಿದ್ದರೆ ಮುಖ್ಯ ಕಥೆ ಅರ್ಥ ಆಗಲ್ವಾ? ಯಾವುದರ ಮಧ್ಯೆ ಯಾವುದು ನೋಡಬೇಕು?

ಅರ್ಥವಾಗುತ್ತದೆ, ಆದರೆ ಕ್ರಮದಲ್ಲಿ ನೋಡಿದರೆ ರುಚಿ ಹೆಚ್ಚು. 2005ರ ಸರಣಿಯ ಟೇಪುಗಳು ಕಳವಾಗದಿರಲೆಂದು ಅವುಗಳ ಮೇಲೆ ‘ಡಾಕ್ಟರ್ ಹೂ’ ಎಂಬ ಇಂಗ್ಲಿಷ್ ಅಕ್ಷರಗಳನ್ನೇ ಅದಲುಬದಲು ಮಾಡಿ ‘ಟಾರ್ಚ್‌ವುಡ್’ ಎಂದು ಬರೆಯುತ್ತಿದ್ದರು. ಆ ಹೆಸರೇ 2006ರ ಅಕ್ಟೋಬರ್‌ನಲ್ಲಿ ದೊಡ್ಡವರಿಗಾಗಿ ಬಂದ ಸರಣಿಯ ಹೆಸರಾಯಿತು. ಕಾರ್ಡಿಫ್ ನಗರದ ನೆಲದಡಿಯಲ್ಲಿ ಕೂತು ಅನ್ಯಲೋಕದ ಅಪಾಯಗಳನ್ನು ಎದುರಿಸುವ ಸಣ್ಣ ತಂಡದ ಕಥೆ ಇದು. ಅದರ ನಾಯಕ ಕ್ಯಾಪ್ಟನ್ ಜ್ಯಾಕ್, 2005ರ ಡಾಕ್ಟರನ ಸಂಗಾತಿಯಾಗಿದ್ದವನು. ನಾಲ್ಕು ಸರಣಿಗಳಲ್ಲಿ ಒಟ್ಟು 41 ಕಂತುಗಳು.

ಟಾರ್ಚ್‌ವುಡ್‌ನ ಮೊದಲ ಸರಣಿಯನ್ನು 2007ರ ‘ಯುಟೋಪಿಯಾ’ ಕಂತಿಗೆ ಮೊದಲು ಮುಗಿಸಿರಿ, ಏಕೆಂದರೆ ಒಂದರ ಕೊನೆಯ ದೃಶ್ಯ ಇನ್ನೊಂದರ ಆರಂಭಕ್ಕೆ ನೇರವಾಗಿ ಕೂಡುತ್ತದೆ. ಎರಡನೆಯದನ್ನು 2008ರ ‘ದಿ ಸ್ಟೋಲನ್ ಅರ್ತ್’ ಕಂತಿಗೆ ಮೊದಲು ನೋಡಿರಿ. ಮುಖ್ಯ ಸರಣಿ, ಟಾರ್ಚ್‌ವುಡ್, ಸಾರಾ ಜೇನ್‌ಳ ಸರಣಿ ಮೂರರ ಪಾತ್ರಗಳೂ ಒಟ್ಟಿಗೆ ಸೇರುವುದು ಅಲ್ಲಿ. 2009ರ ಜುಲೈನಲ್ಲಿ ಐದು ರಾತ್ರಿ ಸತತವಾಗಿ ಪ್ರಸಾರವಾದ ‘ಚಿಲ್ಡ್ರನ್ ಆಫ್ ಅರ್ತ್’ ಅದರ ನಂತರದ್ದು. ಮುಖ್ಯ ಸರಣಿ ಮತ್ತು ಕವಲು ಸರಣಿಗಳಲ್ಲಿ 2005ರ ನಂತರ ಬಂದದ್ದನ್ನೆಲ್ಲ ಪರಿಗಣಿಸಿದರೂ ಈ ಐದು ಕಂತುಗಳಿಗೆ ಸಮನಾದದ್ದು ಬಹಳ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಸರ್ಕಾರವೊಂದು ಯಾರ ಮಕ್ಕಳನ್ನು ಬಲಿ ಕೊಡಬಹುದೆಂದು ಮೇಜಿನ ಸುತ್ತ ಕೂತು, ದನಿ ಏರಿಸದೆ ಚರ್ಚಿಸುವ ದೃಶ್ಯ ಯಾವ ರಾಕ್ಷಸನಿಗಿಂತಲೂ ಭಯಂಕರ. ಅಮೆರಿಕದ ಸ್ಟಾರ್ಜ್ ವಾಹಿನಿಯ ಜೊತೆ ಸೇರಿ ಮಾಡಿದ 2011ರ ‘ಮಿರಕಲ್ ಡೇ’ ಹತ್ತು ಕಂತುಗಳಷ್ಟು ಉದ್ದವಾಗಿದ್ದು, ಅಲ್ಲಿ ಆ ಬಿಗಿ ಸಡಿಲವಾಗಿದೆ.

ಮಕ್ಕಳ ಜೊತೆ ಕೂತು ನೋಡೋಕೆ ಯಾವುದು ಒಳ್ಳೆಯದು?

‘ದಿ ಸಾರಾ ಜೇನ್ ಅಡ್ವೆಂಚರ್ಸ್’. ಎಲಿಸಬೆತ್ ಸ್ಲೇಡನ್ 1973ರಲ್ಲಿ ಪತ್ರಕರ್ತೆ ಸಾರಾ ಜೇನ್ ಸ್ಮಿತ್ ಆಗಿ ಮೊದಲು ಬಂದರು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 2006ರ ‘ಸ್ಕೂಲ್ ರಿಯೂನಿಯನ್’ ಕಂತಿನಲ್ಲಿ ಹತ್ತನೆಯ ಡಾಕ್ಟರನ ಎದುರಿಗೆ ಅದೇ ಪಾತ್ರವಾಗಿ ನಿಂತರು. ಡಾಕ್ಟರ್ ಬಿಟ್ಟುಹೋದ ಮೇಲೆ ಸಂಗಾತಿಗಳ ಬದುಕು ಏನಾಗುತ್ತದೆ ಎಂಬುದನ್ನು ಹಳೆಯ ಸರಣಿ ಅಷ್ಟಾಗಿ ಕೇಳಿರಲಿಲ್ಲ. ಆ ಕಂತು ಕೇಳಿತು. 2007ರ ಜನವರಿ 1ರಂದು ಅವರದೇ ಸರಣಿ ಆರಂಭವಾಯಿತು. ಲಂಡನ್ನಿನ ಈಲಿಂಗ್‌ನಲ್ಲಿರುವ ಅವಳ ಮನೆಯ ಅಟ್ಟವೇ ಕಾರ್ಯಸ್ಥಾನ, ನೆರೆಹೊರೆಯ ಮಕ್ಕಳೇ ತಂಡ. ಮಧ್ಯವಯಸ್ಸು ದಾಟಿದ ಹೆಂಗಸೊಬ್ಬಳು ಸಾಹಸಕಥೆಯ ನಾಯಕಿಯಾಗಿ, ಮಕ್ಕಳಿಗೆ ಉಪದೇಶ ಮಾಡದೆ ಅವರನ್ನು ಸರಿಸಮಾನರಂತೆ ಕಾಣುವುದು ಈ ಸರಣಿಯ ದೊಡ್ಡ ಗುಣ. ಸ್ಲೇಡನ್ 2011ರ ಏಪ್ರಿಲ್ 19ರಂದು ತೀರಿಕೊಂಡರು. ಅದಕ್ಕೆ ಮೊದಲೇ ಚಿತ್ರೀಕರಣವಾಗಿದ್ದ ಮೂರು ಕಥೆಗಳನ್ನು ಆ ವರ್ಷ ಪ್ರಸಾರ ಮಾಡಿ ಸರಣಿಯನ್ನು ಅಲ್ಲಿಗೇ ನಿಲ್ಲಿಸಿದರು. ಬೇರೆ ನಟಿಯನ್ನು ತರಲಿಲ್ಲ.

ಕ್ಲಾಸ್, ಕೆ-ನೈನ್ ಅಂತೆಲ್ಲ ಇವೆಯಂತೆ. ಅವುಗಳ ಮಾತೇ ಯಾರೂ ಎತ್ತಲ್ವಲ್ಲ?

ಯಂತ್ರದ ನಾಯಿ ಕೆ-ನೈನ್ ಅನ್ನು ಇಟ್ಟುಕೊಂಡು 1981ರ ಡಿಸೆಂಬರ್ 28ರಂದು ಒಂದೇ ಕಂತು ಬಂತು, ಸರಣಿಯಾಗಲಿಲ್ಲ. ಅದೇ ನಾಯಿಯ ಮೇಲೆ ಆಸ್ಟ್ರೇಲಿಯಾದಲ್ಲಿ 26 ಕಂತುಗಳ ಸರಣಿಯೊಂದು ತಯಾರಾಯಿತು. ಅದರಲ್ಲಿ ಬಿಬಿಸಿಯ ಪಾಲಿಲ್ಲದ ಕಾರಣ ಡಾಕ್ಟರನ ಹೆಸರನ್ನು ಎತ್ತುವಂತಿರಲಿಲ್ಲ. ಲೇಖಕ ಪ್ಯಾಟ್ರಿಕ್ ನೆಸ್ ಬರೆದ 2016ರ ‘ಕ್ಲಾಸ್’, 1963ರ ಮೊದಲ ಕಂತಿನ ಕೋಲ್ ಹಿಲ್ ಶಾಲೆಯನ್ನೇ ನೆಲೆಯಾಗಿಸಿಕೊಂಡು ಎಂಟು ಕಂತುಗಳ ನಂತರ ಕಥೆ ಮುಗಿಯದೆ ನಿಂತಿತು. ಅದು ಇನ್ನೊಂದು ವರ್ಷ ನಡೆಯಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಐದು ಕಂತುಗಳಲ್ಲಿ ಬಂದ ‘ದಿ ವಾರ್ ಬಿಟ್ವೀನ್ ದಿ ಲ್ಯಾಂಡ್ ಅಂಡ್ ದಿ ಸೀ’ 1972ರಲ್ಲಿ ಮೊದಲು ಕಂಡ ಸಮುದ್ರವಾಸಿಗಳನ್ನು ಮತ್ತೆ ತಂದಿತು.

## ಭಾರತದ ನಂಟು

ಬ್ರಿಟಿಷರ ಸರಣಿ ಇದು. ನಮಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಮೊದಲ ದಿನದಿಂದಲೇ ಇದೆ. 1963ರ ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ 24 ವರ್ಷ. ವಯಸ್ಕ ಬಿಳಿಯ ಗಂಡಸರಿಂದಲೇ ತುಂಬಿದ್ದ ಅಂದಿನ ಬಿಬಿಸಿಯಲ್ಲಿ ಇಪ್ಪತ್ತೇಳರ ಹೆಣ್ಣುಮಗಳು ನಿರ್ಮಾಪಕಿ, ಭಾರತ ಮೂಲದ ತರುಣ ನಿರ್ದೇಶಕ. ಇಬ್ಬರೂ ಸೇರಿ ಇಕ್ಕಟ್ಟಾದ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಈ ಲೋಕವನ್ನು ಕಟ್ಟಿದರು. ಆ ದಿನಗಳನ್ನು ಕುರಿತು 2013ರಲ್ಲಿ ಬಿಬಿಸಿ ಮಾಡಿದ ನಾಟಕದಲ್ಲಿ ಹುಸೇನ್ ಅವರ ಪಾತ್ರ ವಹಿಸಿದ ಸಚಾ ಧವನ್, 2020ರಲ್ಲಿ ಮುಖ್ಯ ಸರಣಿಯಲ್ಲೇ ಡಾಕ್ಟರನ ಪರಮವೈರಿ ‘ಮಾಸ್ಟರ್’ ಆಗಿ ಬಂದರು.

ವಿನಯ್ ಪಟೇಲ್ ಬರೆದ 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’ ಕಂತು 1947ರ ಆಗಸ್ಟ್‌ನಲ್ಲಿ ನಡೆಯುತ್ತದೆ. ಸಂಗಾತಿ ಯಾಸ್ಮಿನ್ ಖಾನ್ ತನ್ನ ಅಜ್ಜಿಯ ಯೌವನವನ್ನು ನೋಡಲು ಹೋಗಿ, ಗಡಿರೇಖೆ ಒಂದು ಹೊಲವನ್ನೂ ಒಂದು ಮನೆತನವನ್ನೂ ಸೀಳುವುದನ್ನು ಕಾಣುತ್ತಾಳೆ. ಚಿತ್ರೀಕರಣ ನಡೆದದ್ದು ಸ್ಪೇನ್‌ನಲ್ಲಿ. ಅನ್ಯಲೋಕದವರು ಅಲ್ಲಿದ್ದರೂ ದ್ವೇಷ ಮಾತ್ರ ಮನುಷ್ಯರದೇ ಎಂಬ ನಿಲುವಿನಿಂದ ಕಥೆ ಒಂದಿಂಚೂ ಸರಿಯುವುದಿಲ್ಲ. ಮುಕ್ತಾಯವನ್ನು ಇಲ್ಲಿ ಹೇಳಲಾರೆ.

ಕನ್ನಡದವರು ವಿಶೇಷವಾಗಿ ಗಮನಿಸಬೇಕಾದದ್ದು 2020ರ ಜನವರಿ 5ರಂದು ಪ್ರಸಾರವಾದ ‘ಸ್ಪೈಫಾಲ್’ ಕಥೆಯ ಎರಡನೆಯ ಭಾಗ. ನಾಜಿಗಳ ಹಿಡಿತದಲ್ಲಿದ್ದ 1943ರ ಪ್ಯಾರಿಸ್ಸಿನಲ್ಲಿ ಡಾಕ್ಟರಿಗೆ ಆಸರೆ ಕೊಡುವ ರೇಡಿಯೋ ಗೂಢಚಾರಿಣಿ ನೂರ್ ಇನಾಯತ್ ಖಾನ್ ಕಲ್ಪಿತ ಪಾತ್ರವಲ್ಲ. ಮೈಸೂರಿನ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದ ಆಕೆಯನ್ನು 1944ರ ಸೆಪ್ಟೆಂಬರ್‌ನಲ್ಲಿ ಡಾಖಾವ್ ಶಿಬಿರದಲ್ಲಿ ಕೊಂದರು. ಅದೇ ಕಥೆಯಲ್ಲಿ, ಕಂದು ಮೈಬಣ್ಣದ ಮಾಸ್ಟರ್ ನಾಜಿಗಳ ಕಣ್ಣಿಗೆ ತಮ್ಮವನಂತೆ ಕಾಣಲು ಬಳಸುತ್ತಿದ್ದ ಮರೆಯನ್ನು, ಆಗ ಹೆಣ್ಣಿನ ರೂಪದಲ್ಲಿದ್ದ ಡಾಕ್ಟರ್ ತೆಗೆದುಹಾಕಿ ಅವನನ್ನು ಅವರ ಕೈಗೆ ಒಪ್ಪಿಸುತ್ತಾಳೆ. ವೈರಿಯಾದರೂ ಬಣ್ಣವನ್ನೇ ಅವನ ವಿರುದ್ಧದ ಅಸ್ತ್ರವಾಗಿಸುವುದು ಡಾಕ್ಟರಿಗೆ ತಕ್ಕದ್ದೇ ಎಂಬ ಚರ್ಚೆ ಇನ್ನೂ ನಿಂತಿಲ್ಲ. ತಕ್ಕದ್ದಲ್ಲ ಎನ್ನುವವರ ಪಕ್ಷ ನನ್ನದು. ನೂರ್‌ಳನ್ನು ಅಷ್ಟು ಗೌರವದಿಂದ ತೋರಿಸಿದ ಕಥೆಯಲ್ಲೇ ಅದು ನಡೆದದ್ದು ಹೆಚ್ಚು ನೋವಿನ ಸಂಗತಿ.

## ಹಳಬರ ವಾದಗಳು

ಹಳೆಯ ಕಂತುಗಳು ಕಳೆದುಹೋಗಿವೆ ಅಂತಾರೆ. ಬಿಬಿಸಿಯಂಥವರು ಹೇಗೆ ಕಳೆದುಕೊಂಡರು?

ಕಳೆದುಕೊಳ್ಳಲಿಲ್ಲ, ಅಳಿಸಿದರು. 1960ರ ದಶಕದಲ್ಲಿ ವಿಡಿಯೋಟೇಪ್ ದುಬಾರಿಯಾಗಿತ್ತು, ಒಂದೇ ಟೇಪನ್ನು ಮತ್ತೆ ಮತ್ತೆ ಬಳಸುವುದು ವಾಡಿಕೆಯಾಗಿತ್ತು. ಕಲಾವಿದರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೆ ಮಿತಿ ಇತ್ತು. ಮನೆಯಲ್ಲಿ ಕೂತು ಹಳೆಯದನ್ನು ನೋಡುವ ಸಾಧನಗಳಿರಲಿಲ್ಲ. ಬಣ್ಣ ಬಂದ ಮೇಲೆ ಕಪ್ಪುಬಿಳುಪಿಗೆ ಬೆಲೆಯೂ ಇರಲಿಲ್ಲ. ವಿದೇಶಗಳಿಗೆ ಮಾರಲೆಂದು ತೆಗೆದಿದ್ದ 16 ಎಂ.ಎಂ. ಫಿಲ್ಮ್ ಪ್ರತಿಗಳನ್ನೂ ಒಪ್ಪಂದ ಮುಗಿದ ನಂತರ ನಾಶ ಮಾಡಿದರು. ಈ ಕೆಲಸ 1978ರ ಸುಮಾರಿಗೆ ನಿಲ್ಲುವ ಹೊತ್ತಿಗೆ ಮೊದಲ ಆರು ಸೀಸನ್‌ಗಳ 253 ಕಂತುಗಳಲ್ಲಿ ಬಹುಭಾಗಕ್ಕೆ ಪೆಟ್ಟು ಬಿದ್ದಿತ್ತು.

ಮರಳಿ ಬಂದದ್ದು ಅನಿರೀಕ್ಷಿತ ಕಡೆಗಳಿಂದ. 1967ರ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತುಗಳು ಹಾಂಗ್‌ಕಾಂಗ್‌ನಿಂದ ಬಂದವು. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಲ್ಲಿ ಒಂಬತ್ತು ಕಂತುಗಳು ಸಿಕ್ಕವು. ಆ ಪತ್ತೆಯ ನಂತರ ಲೆಕ್ಕಕ್ಕೆ ಸಿಗದೆ ಉಳಿದದ್ದು 97. ಹಾರ್ಟ್‌ನೆಲ್ ಟ್ರೌಟನ್ ಆಗಿ ಬದಲಾಗುವ 1966ರ ಕಂತು ಇಲ್ಲವಾಗಿದೆ. ಆದರೆ ಆ ಬದಲಾವಣೆಯ ತುಣುಕು ಮಾತ್ರ, ಬಿಬಿಸಿಯದೇ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಅದನ್ನು ಬಳಸಿಕೊಂಡಿದ್ದ ಕಾರಣ, ಉಳಿದುಕೊಂಡಿದೆ.

ಇದೆಲ್ಲದರ ನಡುವೆ ನೆನೆಯಬೇಕಾದದ್ದು ಅಂದಿನ ನೋಡುಗರನ್ನು. ಟಿವಿಯ ಸ್ಪೀಕರಿನ ಮುಂದೆ ಮೈಕ್ ಹಿಡಿದು, ಮನೆಯವರಿಗೆ ಸದ್ದು ಮಾಡಬೇಡಿರೆಂದು ಬೇಡಿಕೊಂಡು, ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಧ್ವನಿಯ ಫಲವಾಗಿ, ಇಲ್ಲವಾದ ಒಂದೊಂದು ಕಂತಿನ ಧ್ವನಿಯೂ ಇಂದು ಪೂರ್ತಿಯಾಗಿ ಲಭ್ಯವಿದೆ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಪ್ರಸಾರದ ವೇಳೆ ಟಿವಿ ಪರದೆಯಿಂದಲೇ ತೆಗೆಯುತ್ತಿದ್ದ ಚಿತ್ರಗಳೂ ಹಲವು ಕಥೆಗಳಿಗೆ ಇವೆ. ಆ ಧ್ವನಿಗೆ ಆನಿಮೇಷನ್ ಜೋಡಿಸಿ ಕೆಲವು ಕಥೆಗಳನ್ನು ಈಗ ಹೊರತಂದಿದ್ದಾರೆ. ವಾರಿಸ್ ಹುಸೇನ್ ಬಹುಪಾಲು ನಿರ್ದೇಶಿಸಿದ 1964ರ ‘ಮಾರ್ಕೋ ಪೋಲೋ’ದ ಏಳು ಕಂತುಗಳಲ್ಲಿ ಒಂದೂ ಉಳಿದಿಲ್ಲ. ಸ್ಥಿರಚಿತ್ರಗಳನ್ನು ಮುಂದಿಟ್ಟುಕೊಂಡು ಅದರ ಧ್ವನಿಯನ್ನು ಕೇಳಿದ್ದೇನೆ. ಕಣ್ಣಿಗೆ ಕಾಣದ ಆ ಮರುಭೂಮಿ ನಾನು ಈ ಸರಣಿಯಲ್ಲಿ ಕಂಡ ಎಷ್ಟೋ ಗ್ರಹಗಳಿಗಿಂತ ಸ್ಪಷ್ಟವಾಗಿ ಮನಸ್ಸಿನಲ್ಲಿ ನಿಂತಿದೆ.

ಕಾದಂಬರಿ, ಆಡಿಯೋ ನಾಟಕ, ಸ್ಪಿನ್‌ಆಫ್... ಇದರಲ್ಲೆಲ್ಲ ನಿಜವಾದ ಕಥೆ ಯಾವುದು?

ಯಾವುದು ಅಧಿಕೃತ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಬಿಬಿಸಿ ಎಂದೂ ಕೊಟ್ಟಿಲ್ಲ. ಸರಣಿ ನಿಂತಿದ್ದ ವರ್ಷಗಳಲ್ಲಿ, 1991ರಿಂದ, ಹೊಸ ಕಾದಂಬರಿಗಳು ಡಾಕ್ಟರನ ಕಥೆಯನ್ನು ಮುಂದುವರಿಸಿದವು. 1999ರಿಂದ ಬಿಗ್ ಫಿನಿಶ್ ಸಂಸ್ಥೆ ಹಳೆಯ ನಟರಿಂದಲೇ ಆಡಿಯೋ ನಾಟಕಗಳನ್ನು ಮಾಡಿಸುತ್ತಿದೆ. ಇವು ಒಂದಕ್ಕೊಂದು ಹೊಂದುವುದಿಲ್ಲ. ಪೀಟರ್ ಕುಶಿಂಗ್ ನಟಿಸಿದ 1965 ಮತ್ತು 1966ರ ಎರಡು ಚಲನಚಿತ್ರಗಳಲ್ಲಂತೂ ಡಾಕ್ಟರ್ ಭೂಮಿಯ ಸಾಮಾನ್ಯ ಸಂಶೋಧಕ.

ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಎರಡನ್ನೂ ಓದಿದ ಕನ್ನಡಿಗರು ಇವರಲ್ಲಿ ಸುಳ್ಳು ಹೇಳಿದವರು ಯಾರೆಂದು ಕೇಳುವುದಿಲ್ಲ. ಯಾವ ಕವಿಯ ದ್ರೌಪದಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಮೊದಲು ಹೇಳಿಕೊಳ್ಳುತ್ತಾರೆ. ಇಲ್ಲಿಯೂ ಅದೇ ಪದ್ಧತಿ ಒಳ್ಳೆಯದು. ಗಡಿಗಳೂ ಗಟ್ಟಿಯಾಗಿಲ್ಲ. ಬಿಬಿಸಿಯ ಹೊರಗೆ ಅಭಿಮಾನಿಗಳು ಮಾಡಿದ 1995ರ ವಿಡಿಯೋ ಚಿತ್ರವೊಂದರಲ್ಲಿ ಹುಟ್ಟಿದ ಕೇಟ್ ಎಂಬ ಪಾತ್ರ 2012ರಲ್ಲಿ ಮುಖ್ಯ ಸರಣಿಗೆ ಬಂದು ಇಂದು ಅದರ ಆಧಾರಸ್ತಂಭಗಳಲ್ಲಿ ಒಂದಾಗಿದೆ. 2013ರ ಕಿರುಕಂತಿನಲ್ಲಿ ಎಂಟನೆಯ ಡಾಕ್ಟರ್ ಪಾಲ್ ಮಕ್‌ಗ್ಯಾನ್ ಸಾಯುವ ಮುನ್ನ ನೆನೆಯುವ ಸಂಗಾತಿಗಳ ಹೆಸರುಗಳೆಲ್ಲ ಆಡಿಯೋ ನಾಟಕಗಳವು.

ಯೂನಿಟ್ ಕಥೆಗಳು ನಡೆಯೋದು ಎಪ್ಪತ್ತರ ದಶಕದಲ್ಲೋ, ಎಂಬತ್ತರಲ್ಲೋ?

ಇದಕ್ಕೆ ಉತ್ತರವಿಲ್ಲ, ಸಾಕ್ಷ್ಯಗಳಿವೆ. ಬ್ರಿಗೇಡಿಯರ್ ಲೆತ್‌ಬ್ರಿಜ್-ಸ್ಟೂವರ್ಟ್ ಮುನ್ನಡೆಸುವ ಯೂನಿಟ್ ಎಂಬ ಸೇನಾತುಕಡಿಯ ಕಥೆಗಳನ್ನು, ಪ್ರಸಾರದ ವರ್ಷಕ್ಕಿಂತ ಸ್ವಲ್ಪ ಮುಂದಿನ ಕಾಲದವೆಂದು ಯೋಚಿಸಿ ಬರೆದಿದ್ದರು. 1968ರ ‘ದಿ ವೆಬ್ ಆಫ್ ಫಿಯರ್’ 1935ರ ಘಟನೆಯೊಂದಕ್ಕೆ ನಲವತ್ತು ವರ್ಷಕ್ಕೂ ಮೀರಿದ ನಂತರ ನಡೆಯುತ್ತದೆ. ಅಲ್ಲಿಗೆ 1975 ದಾಟಿತು. ಅದೇ ವರ್ಷದ ‘ದಿ ಇನ್ವೇಷನ್’ ಅದಕ್ಕೆ ಮತ್ತೆ ನಾಲ್ಕು ವರ್ಷ ಸೇರಿಸುತ್ತದೆ. 1975ರ ‘ಪಿರಮಿಡ್ಸ್ ಆಫ್ ಮಾರ್ಸ್’ನಲ್ಲಿ ಸಾರಾ ಜೇನ್ ತಾನು 1980ರವಳೆಂದು ಹೇಳುತ್ತಾಳೆ. ಇಷ್ಟರವರೆಗೆ ಲೆಕ್ಕ ಹೊಂದುತ್ತದೆ. ಆದರೆ 1983ರ ‘ಮಾಡ್ರಿನ್ ಅನ್‌ಡೆಡ್’ನಲ್ಲಿ ಬ್ರಿಗೇಡಿಯರ್ 1976ರಲ್ಲೇ ನಿವೃತ್ತನಾಗಿ, 1977ರಲ್ಲಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾನೆ! ಒಂದು ಕಥೆಯನ್ನು ಒಪ್ಪಿದರೆ ಇನ್ನೊಂದನ್ನು ಬಿಡಲೇಬೇಕು. 2008ರಲ್ಲಿ ಡಾಕ್ಟರ್ ತಾನು ಅವರಲ್ಲಿ ಕೆಲಸ ಮಾಡಿದ್ದು ಎಪ್ಪತ್ತರಲ್ಲೋ ಎಂಬತ್ತರಲ್ಲೋ ಎಂದು ತಾನೇ ಗೊಂದಲಪಟ್ಟದ್ದು ಈ ವಾದಕ್ಕೆ ಬರಹಗಾರರು ಪ್ರೀತಿಯಿಂದ ಮಾಡಿದ ನಮಸ್ಕಾರ.

ಈಗ ಒಟ್ಟು ಎಷ್ಟು ಜನ ಡಾಕ್ಟರ್? ಹನ್ನೆರಡಕ್ಕೆ ಮುಗಿಯಬೇಕಿತ್ತಲ್ಲ?

ಟೈಮ್ ಲಾರ್ಡ್ ಹನ್ನೆರಡು ಬಾರಿ ಮಾತ್ರ ದೇಹ ಬದಲಿಸಬಲ್ಲ, ಅಂದರೆ ಹದಿಮೂರು ದೇಹಗಳು, ಎಂಬ ಮಿತಿಯನ್ನು ಹಾಕಿದ್ದು 1976ರ ‘ದಿ ಡೆಡ್ಲಿ ಅಸಾಸಿನ್’. 2013ರಲ್ಲಿ ಜಾನ್ ಹರ್ಟ್ ಅವರ ಯುದ್ಧಕಾಲದ ಡಾಕ್ಟರ್ ಮಧ್ಯೆ ಸೇರಿದ. ಹತ್ತನೆಯ ಡಾಕ್ಟರ್ 2008ರಲ್ಲಿ ಮುಖ ಬದಲಿಸದೆ ಒಂದು ಅವಕಾಶವನ್ನು ಖರ್ಚು ಮಾಡಿದ್ದೂ ಲೆಕ್ಕಕ್ಕೆ ಬಂತು. ಹೀಗಾಗಿ ಹನ್ನೊಂದನೆಯವನೆಂದು ಕರೆಸಿಕೊಂಡ ಮ್ಯಾಟ್ ಸ್ಮಿತ್ ಅವರ ಡಾಕ್ಟರನೇ ಕೊನೆಯವನಾಗಿದ್ದ. ಆ ವರ್ಷದ ಕ್ರಿಸ್‌ಮಸ್ ಕಂತಿನಲ್ಲಿ ಟೈಮ್ ಲಾರ್ಡ್‌ಗಳು ಅವನಿಗೆ ಹೊಸ ಸರದಿಯನ್ನು ಕೊಟ್ಟರು. 2018ರಿಂದ 2022ರವರೆಗೆ ಜೋಡಿ ವಿಟೇಕರ್ ಹದಿಮೂರನೆಯ ಡಾಕ್ಟರ್ ಆಗಿದ್ದರು. ಡಾಕ್ಟರ್ ಹೆಣ್ಣಾಗಬೇಕೆಂದು ಸಿಡ್ನಿ ನ್ಯೂಮನ್ 1986ರಲ್ಲೇ ಬಿಬಿಸಿಗೆ ಪತ್ರ ಬರೆದಿದ್ದರು. ಡೇವಿಡ್ ಟೆನೆಂಟ್ ಹದಿನಾಲ್ಕನೆಯವರಾಗಿ ಮರಳಿ, 2023ರಲ್ಲಿ ಸಾಯದೆ ಎರಡಾಗಿ ಒಡೆದು, ಶುಟಿ ಗಟ್ವಾ ಹದಿನೈದನೆಯವರಾದರು. 2025ರ ಮೇ 31ರ ಕಂತಿನ ಕೊನೆಯಲ್ಲಿ ಗಟ್ವಾ ಅವರ ಜಾಗದಲ್ಲಿ, ಹಿಂದೆ ರೋಸ್ ಆಗಿದ್ದ ಬಿಲ್ಲಿ ಪೈಪರ್ ಅವರ ಮುಖ ಕಂಡಿತು. ಪಾತ್ರಪಟ್ಟಿ ಅವರನ್ನು ಪರಿಚಯಿಸಿತೇ ಹೊರತು ‘ಡಾಕ್ಟರ್’ ಎಂದು ಹೇಳಲಿಲ್ಲ, ಆದ್ದರಿಂದ ಹದಿನಾರನೆಯ ಸಂಖ್ಯೆಯನ್ನು ನಾನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಟೈಮ್‌ಲೆಸ್ ಚೈಲ್ಡ್ ಕಥೆಯಿಂದ ಎಲ್ಲ ಹಾಳಾಯ್ತು ಅಂತಾರಲ್ಲ, ನಿಮ್ಮ ಅಭಿಪ್ರಾಯ?

2020ರ ಮಾರ್ಚ್ 1ರ ಕಂತು ಹೇಳಿದ್ದು ಇದು: ಡಾಕ್ಟರ್ ಗ್ಯಾಲಿಫ್ರೇಯಲ್ಲಿ ಹುಟ್ಟಿದವರಲ್ಲ, ಎಲ್ಲಿಂದಲೋ ಸಿಕ್ಕ ಅನಾಥ ಮಗು, ರೀಜನರೇಷನ್ ಶಕ್ತಿ ಟೈಮ್ ಲಾರ್ಡ್‌ಗಳಿಗೆ ಬಂದದ್ದೇ ಆ ಮಗುವಿನಿಂದ, ಹಾರ್ಟ್‌ನೆಲ್‌ಗಿಂತ ಮೊದಲೂ ಡಾಕ್ಟರಿಗೆ ಅಳಿಸಿಹೋದ ಜನ್ಮಗಳಿದ್ದವು. ಆಧಾರವೇ ಇಲ್ಲ ಎನ್ನುವವರಿಗೆ 1976ರ ‘ದಿ ಬ್ರೇನ್ ಆಫ್ ಮಾರ್ಬಿಯಸ್’ ತೋರಿಸಬೇಕಾಗುತ್ತದೆ; ಹಾರ್ಟ್‌ನೆಲ್ ನಂತರ ಪರದೆಯ ಮೇಲೆ ಮೂಡುವ ಎಂಟು ಅಪರಿಚಿತ ಮುಖಗಳನ್ನು ಅಂದಿನ ತಯಾರಕರು ಹಿಂದಿನ ಡಾಕ್ಟರುಗಳೆಂದೇ ಉದ್ದೇಶಿಸಿದ್ದರು. ಆದ್ದರಿಂದ ಇದು ನಿಯಮಭಂಗ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ. ತನ್ನ ಜನರ ನಡುವೆ ಯಾವ ಹೆಚ್ಚುಗಾರಿಕೆಯೂ ಇಲ್ಲದ ಒಬ್ಬ, ಕೆಟ್ಟ ಯಂತ್ರವೊಂದನ್ನು ಕದ್ದು ಓಡಿಹೋಗಿ, ಲೋಕವನ್ನು ನೋಡುತ್ತ ನೋಡುತ್ತ ಒಳ್ಳೆಯವನಾದ ಎನ್ನುವುದರಲ್ಲಿ ಇದ್ದ ಶಕ್ತಿ, ಹುಟ್ಟಿನಿಂದಲೇ ಅಸಾಮಾನ್ಯ ಎಂದೊಡನೆ ಕುಗ್ಗುತ್ತದೆ. ಅದೇ ವೇಳೆ, ದತ್ತು ಮಕ್ಕಳಾಗಿ ಬೆಳೆದ ನೋಡುಗರು ಈ ಕಥೆಯಲ್ಲಿ ತಮ್ಮನ್ನು ಕಂಡುಕೊಂಡದ್ದನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ.

ನೋಡುವವರು ಇಷ್ಟೆಲ್ಲ ವಾದ ಮಾಡಿದರೆ ತಯಾರಕರ ಕಿವಿಗೆ ಬೀಳುತ್ತಾ?

ಈ ಸರಣಿಯಲ್ಲಿ ವಾದ ಮಾಡಿದವರೇ ತಯಾರಕರಾಗಿದ್ದಾರೆ. 1976ರಲ್ಲಿ ಅಭಿಮಾನಿಗಳ ಸಂಘ ಹುಟ್ಟಿತು, 1979ರಲ್ಲಿ ಆರಂಭವಾದ ಪತ್ರಿಕೆ ಇಂದಿಗೂ ನಡೆಯುತ್ತಿದೆ, ಅವುಗಳ ಸುತ್ತ ಒಂದು ಪೀಳಿಗೆಯೇ ಬೆಳೆಯಿತು. 2005ರಿಂದ ಸರಣಿಯನ್ನು ನಡೆಸಿದ ರಸೆಲ್ ಟಿ ಡೇವಿಸ್, ಸ್ಟೀವನ್ ಮಾಫಟ್, ಕ್ರಿಸ್ ಚಿಬ್ನಲ್ ಮೂವರೂ ಬಾಲ್ಯದಿಂದ ಅದರ ಅಭಿಮಾನಿಗಳು. 1986ರಲ್ಲಿ ಬಿಬಿಸಿಯ ಚರ್ಚಾ ಕಾರ್ಯಕ್ರಮವೊಂದರಲ್ಲಿ ಹದಿಹರೆಯದ ಚಿಬ್ನಲ್ ಸಂಘದ ಸದಸ್ಯನಾಗಿ ಕೂತು, ಆ ವರ್ಷದ ಕಥೆ ಚೆನ್ನಾಗಿಲ್ಲವೆಂದು ಅದರ ಬರಹಗಾರರ ಎದುರಿಗೇ ಹೇಳಿದ್ದರು. ಮೂವತ್ತೆರಡು ವರ್ಷಗಳ ನಂತರ ಅವರೇ ಆ ಕುರ್ಚಿಯಲ್ಲಿ ಕೂತರು, ಟೈಮ್‌ಲೆಸ್ ಚೈಲ್ಡ್ ಬರೆದರು, ಅಂಥದೇ ಮಾತುಗಳನ್ನು ತಾವೂ ಕೇಳಿಸಿಕೊಂಡರು. ಹದಿಹರೆಯದಲ್ಲಿ ಸರಣಿಯ ಬಗ್ಗೆ ಬರೆದ ಇನ್ನೊಬ್ಬ ಹುಡುಗನ ಪತ್ರವನ್ನು ‘ರೇಡಿಯೋ ಟೈಮ್ಸ್’ ಪತ್ರಿಕೆ 1974ರಲ್ಲಿ ಅಚ್ಚು ಹಾಕಿತ್ತು. ಸಹಿ ಮಾಡಿದ್ದವನ ಹೆಸರು ಪೀಟರ್ ಕಪಾಲ್ಡಿ. 2013ರಲ್ಲಿ ಹನ್ನೆರಡನೆಯ ಡಾಕ್ಟರ್ ಆಗಿ ಆಯ್ಕೆಯಾದವರು ಅವರೇ.